ಅಮ್ಮನ ನಡಿಗೆಗೆ ಎಚ್ಚರಾಗುವ ಕ್ಯಾಮೆರಾ

ಎಲಿಯೇಸರ್,

ನಾನು ಕೆಲಸಕ್ಕೆ ಹೊರಟೆ. ಅಮ್ಮ ಜೋಳದ ಅರೆಪಾ ರೊಟ್ಟಿ ತಿಂದು ಮಲಗಿದ್ದಾಳೆ.

ಗೇಟು ಕಾಯುವ ಕ್ಯಾಮೆರಾದ ಸೂಕ್ಷ್ಮತೆಯನ್ನು ಮತ್ತೆ ಇಳಿಸಬೇಡ. "ಎಲೆ ಅಲ್ಲಾಡಿದ್ರೂ ಬಡ್ಕೊಳ್ಳುತ್ತೆ, ಥೇಟ್ ನಿನ್ ಥರಾನೇ ಕಣಕ್ಕಾ" ಎಂದು ನಕ್ಕು ನೀನು ಇಳಿಸಿದ್ದಕ್ಕೇ ನಿನ್ನೆ ಅಮ್ಮ ಗೇಟು ದಾಟಿದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಸೊಲೆದಾದ್ ಊರಿಗೆ ಹೋಗುವ ಬಸ್ಸು ನಿಲ್ಲುವಲ್ಲಿ ಅಮ್ಮ ಸಿಕ್ಕಾಗ ನನ್ನನ್ನೇ ಕೇಳಿದಳು: "ನೀನ್ಯಾರಮ್ಮಾ? ನನ್ ಮಗಳು ನೂಬಿಯಾನ ಎಲ್ಲಾದ್ರೂ ಕಂಡ್ಯಾ?"

ಸುಮ್ಮಸುಮ್ಮನೆ ಕೂಗುವುದು ತಪ್ಪಬೇಕಾದರೆ ಬಾಗಿಲ ಮುಂದಿನ ತೂಗುಕುರ್ಚಿಯನ್ನು ಒಳಗಿಡು. ಡಿಸೆಂಬರಿನ ಗಾಳಿಗೆ ಅದು ಖಾಲಿಯಿದ್ದರೂ ತೂಗುತ್ತದೆ. ಕ್ಯಾಮೆರಾ ಅದನ್ನೇ ಮನುಷ್ಯ ಎಂದುಕೊಳ್ಳುತ್ತದೆ. ಆಮೇಲೆ ಫೋನಿನಲ್ಲಿ ರಸ್ತೆಯನ್ನು ಬಿಟ್ಟು ಗೇಟಿನ ಜಾಗವನ್ನಷ್ಟೇ ಅದು ಕಾಯುವಂತೆ ಗುರುತು ಮಾಡು. ಅದಕ್ಕೂ ಮೊದಲು ಕ್ಯಾಮೆರಾವನ್ನು ಪಕ್ಕದ ಗೋಡೆಗೆ ಹಾಕು. ನೇರ ಎದುರಿಗೆ ಬರುವವರಿಗಿಂತ ಅಡ್ಡ ಹಾಯುವವರು ಅದಕ್ಕೆ ಬೇಗ ಕಾಣುತ್ತಾರೆ.

ಎಲ್ಲ ಮುಗಿದ ಮೇಲೆ ನೀನೊಬ್ಬನೇ ದಾಪುಗಾಲು ಹಾಕಿ ಪರೀಕ್ಷಿಸಬೇಡ. ಅಮ್ಮನ ಕೈ ಹಿಡಿದು, ಅವಳ ನಡಿಗೆಯಲ್ಲೇ ಗೇಟು ದಾಟಿಸಿ ನೋಡು. ಸುತ್ತಾಡಿಸಲು ಕರೆದೊಯ್ಯುತ್ತಿದ್ದೀಯ ಎಂದುಕೊಳ್ಳುತ್ತಾಳೆ. ಫೋನು ಕೂಗಿತೆಂದು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಬೇಡ. ಬೀದಿಯ ಕೊನೆಯವರೆಗಾದರೂ ನಡೆಸಿಕೊಂಡು ಬಾ.

ನೂಬಿಯಾ