ಶಿರಾದಲ್ಲಿ ಆರಿಸಿದ ಬ್ಯಾಟು

ಬಲಸಮುದ್ರ,
೧೦ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ರೇವಂತಣ್ಣನಿಗೆ,

ಹೇಗಿದ್ದೀಯ? ಚಳಿಗೆ ಪೆಟ್ಟಾದ ಆ ಭುಜ ಈಗಲೂ ಹಿಡಿದುಕೊಳ್ಳುತ್ತದೆಯೇ? ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ನಿನಗೆ ಹೊಸಪೇಟೆಯ ಮೆಸ್ಸಿನ ಊಟ ಒಗ್ಗಿದೆ ಎಂದರೆ ಅವಳು ನಂಬುವುದೇ ಇಲ್ಲ. ನಾವೆಲ್ಲ ಚೆನ್ನಾಗಿದ್ದೇವೆ.

ನಗಬೇಡ, ನಾನೂ ಸಾಫ್ಟ್‌ಬಾಲ್ ಆಡುತ್ತಿದ್ದೇನೆ. ಸೋಲಾರ್ ಪಾರ್ಕಿನ ಆಫೀಸಿನ ನಾವು ಹತ್ತು ಹೆಂಗಸರು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ನೀವು ಆಡುತ್ತಿದ್ದಷ್ಟು ಜೋರಿನದಲ್ಲ, ಸ್ಲೋ ಪಿಚ್. ಕೆಳಗಿನಿಂದ ಎತ್ತಿ ಎಸೆದ ಚೆಂಡು ಆಕಾಶಕ್ಕೆ ಹೋಗಿ ನಿಧಾನಕ್ಕೆ ಇಳಿಯುತ್ತದೆ. ಬ್ಯಾಟು ಆರಿಸುವ ಕೆಲಸ ನನಗೆ ಬಿತ್ತು. ಶಿರಾದಲ್ಲಿ ಒಬ್ಬ ಹಿರಿಯ ಸಾಹೇಬರ ಆಟದ ಸಾಮಾನಿನ ಅಂಗಡಿಯಿದೆ. ಅವರು ಐದಾರು ಬ್ಯಾಟು ಕೆಳಗಿಳಿಸಿ, ಒಂದೊಂದನ್ನೂ ಒಂದೇ ಕೈಯಲ್ಲಿ ನೇರ ಚಾಚಿ ಹಿಡಿಯಲು ಹೇಳಿದರು. ಇಪ್ಪತ್ತು ಎಣಿಸುವುದರೊಳಗೆ ಕೈ ನಡುಗಿದರೆ ಅದು ನಿನಗೆ ಭಾರ ಎಂದರು. ಎಲ್ಲದರಲ್ಲೂ ನಡುಗಿತು. ಮೂಲೆಯಲ್ಲಿ ಕಪ್ಪು ಬಣ್ಣ ಬಳಿದ ಹಳೆಯದೊಂದು ಒರಗಿತ್ತು. ಅದನ್ನು ಹಿಡಿದರೆ ಅರವತ್ತು ಎಣಿಸಿದರೂ ಕೈ ಅಲುಗಲಿಲ್ಲ. ಯಾರೋ ಮೊಣಕೈಗೆ ಆಸರೆ ಕೊಟ್ಟಂತಿತ್ತು. “ಅದ್ ಬ್ಯಾಡ ಬೇಟಿ. ಮೂರು ಜನ ತಗಂಡೋದ್ರು, ಮೂರು ಜನಾನೂ ವಾಪಸ್ ತಂದ್ಕೊಟ್ರು. ಯಾಕೆ ಅಂದ್ರೆ ಯಾರೂ ಬಾಯಿ ಬುಡಲ್ಲ” ಎಂದರು. ನಾನು ಅದನ್ನೇ ತಂದೆ.

ಮೊದಲ ಭಾನುವಾರ ಚೆಂಡು ಮೇಲೇರಿತು. ನಾನು ಬೀಸಲು ಹೊರಟಾಗ ಕಿವಿಯ ಹತ್ತಿರವೇ “ತಾಳೇ, ಇಳೀಲಿ” ಎಂದು ಕೇಳಿಸಿತು. ತಾಳಿದೆ. ಹೊಡೆದ ಚೆಂಡು ಮೈದಾನ ದಾಟಿ ಪ್ಯಾನೆಲ್ಲುಗಳ ಬೇಲಿಗೆ ಬಡಿಯಿತು. ಹಿಂದೆ ಕೂತಿದ್ದ ಕ್ಯಾಚರ್ ಶೃತಿಯನ್ನು ಕೇಳಿದರೆ, “ನಾನೇನೂ ಅನ್ನಲಿಲ್ಲ ಕಣೇ” ಎಂದಳು. ಎರಡನೇ ಸಲವೂ ಕೇಳಿಸಿತು, ಮೂರನೇ ಸಲವೂ. ಅಷ್ಟು ಬಿಸಿಲಿನಲ್ಲೂ ಬ್ಯಾಟು ಮಾತ್ರ ಬಾವಿಯ ನೀರಿನ ಹಾಗೆ ತಣ್ಣಗಿತ್ತು. ದನಿ ಯಾರದೆಂದು ನನಗೆ ಗೊತ್ತಾಗಿತ್ತು ಅಣ್ಣ. ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ಮನೆಗೆ ಬಂದು ಹಿಡಿಯ ಟೇಪು ಬಿಚ್ಚಿದೆ. ಒಳಗೆ ಮೊಳೆಯಿಂದ ಗೀರಿದ ಅಕ್ಷರಗಳಿದ್ದವು: ಸ್ಪಂದನಾ.

ನಿಮ್ಮಿಬ್ಬರ ನಿಶ್ಚಿತಾರ್ಥವಾದ ಹನ್ನೊಂದನೇ ದಿನ ಅವಳು ಇದನ್ನು ಹೆಗಲಿಗೆ ಹಾಕಿಕೊಂಡು ನಿನ್ನ ಬೈಕಿನ ಹಿಂದೆ ಕೂತಿದ್ದಳಲ್ಲ. ಬರಗೂರಿನ ರಸ್ತೆಯಲ್ಲಿ ನೀವು ಬಿದ್ದು, ಅವಳು ಅಲ್ಲೇ ತೀರಿಕೊಂಡ ಮೇಲೆ ಬ್ಯಾಟು ಸಿಗಲೇ ಇಲ್ಲ. ಯಾರು ಎತ್ತಿಕೊಂಡು ಮಾರಿದರೋ.

ಅದು ನನ್ನ ಬಳಿ ಇರಬಾರದು ಅನ್ನಿಸಿತು. ನಿನ್ನೆ ಬರಗೂರಿಗೆ ಹೋಗಿ ಅವಳ ತಾಯಿ ಕೆಂಚಮ್ಮನವರ ಕೈಗೆ ಕೊಟ್ಟೆ. ಮೂರು ವರ್ಷದಿಂದ ನಮ್ಮ ಮನೆಯವರ ಮುಖ ನೋಡದವರು ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಬಹಳ ಹೊತ್ತು ಕೂತರು. ಆಮೇಲೆ ಸೆರಗು ಸಿಕ್ಕಿಸಿ ಎದ್ದು, “ಎಸಿ” ಎಂದರು. ಚೀಲದಲ್ಲಿದ್ದ ಚೆಂಡು ತೆಗೆದು ಎತ್ತರಕ್ಕೆ ಎಸೆದೆ. ಜನ್ಮದಲ್ಲಿ ಬ್ಯಾಟು ಹಿಡಿಯದ ಹೆಂಗಸು ಅದು ಇಳಿಯುವವರೆಗೂ ಕಾದು, ಬೀಸಿ, ಹುಣಸೆಮರದ ಆಚೆಗೆ ಹೊಡೆದರು. ನಂತರ ನನ್ನ ಕಡೆ ತಿರುಗಲಿಲ್ಲ. ತಮ್ಮ ಪಕ್ಕಕ್ಕೆ ತಿರುಗಿ, ಮಗುವಿನ ತಲೆ ಸವರುವಂತೆ ಗಾಳಿಯಲ್ಲಿ ಕೈಯಾಡಿಸಿ, “ಆಯ್ತು ಬುಡವ್ವ, ಹೇಳ್ತೀನಿ” ಎಂದರು. ನನಗೆ ಏನೂ ಕೇಳಿಸಲಿಲ್ಲ.

ಆರೋಗ್ಯ ನೋಡಿಕೋ. ಅಮ್ಮನ ಆಶೀರ್ವಾದ, ನನ್ನ ನಮಸ್ಕಾರ.

ನಿನ್ನ ತಂಗಿ,
ಮಂಜುಶ್ರೀ

ಮರೆತ ಮಾತು: ಬಸ್ಸು ಹತ್ತಿಸುವಾಗ ಕೆಂಚಮ್ಮ ನನ್ನ ಕೈ ಹಿಡಿದು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. “ಇದ್ದ ಒಂದು ಹೆಲ್ಮೆಟ್ಟು ಅವ್ನೇ ಹಾಕ್ಕಂಡ ಅಂತ ಊರೆಲ್ಲ ಬೈದ್ವಿ. ಅವ್ನು ಬ್ಯಾಡ ಅಂದ್ರೂ ಕೇಳ್ದೆ ಇವ್ಳೇ ಬಲವಂತವಾಗಿ ಅವ್ನ ತಲೆಗೆ ಹಾಕಿದ್ದಂತೆ. ಈಗ ಹೇಳಿದ್ಲು. ಅವ್ನಿಗೆ ನಮ್ಮನೇಗೆ ಬಂದು ಊಟ ಮಾಡ್ಕಂಡೋಗು ಅನ್ನು.” ಇದು ನಿಜವೇ ಅಣ್ಣ? ನೀನು ಯಾರಿಗೂ ಹೇಳಿರಲಿಲ್ಲವಲ್ಲ.