ತಿಂಗಳ ರೊಕ್ಕದ ಫಂಡು

ಶಹಾಬಾದ
ಮಾರ್ಚ್ ೨೦೦೭

ಚಿರಂಜೀವಿ ಶಾಂತೂ,

ನೀನು ಟಪಾಲಿನಲ್ಲಿ ಕಳಿಸಿದ ಕಾಗದಗಳ ಗಂಟು ಮುಟ್ಟಿತು. ನಾನೂ ನಿನ್ನ ಭಾವನೂ ಆರಾಮ ಇದ್ದೇವೆ. ನಿನ್ನ ಕಾಗದ ಓದಿದ ಮೇಲೆ ನನ್ನ ತಲೆ ಮಾತ್ರ ಆರಾಮಿಲ್ಲ.

ಐವತ್ತು ದಾಟಿದ ಗಂಡಸು, ಕೆನಡಾದ ಸಿಮೆಂಟ್ ಕಾರ್ಖಾನೆಯಲ್ಲಿ ಇಷ್ಟು ವರ್ಷ ಭಟ್ಟಿ ನಡೆಸಿದವನು, ತನ್ನ ಹಣವನ್ನು ಯಾವ ಫಂಡಿನಲ್ಲಿ ಹಾಕಬೇಕೆಂದು ಯಾರನ್ನು ಕೇಳಬೇಕು? ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಅಕ್ಕನನ್ನು! ನಿನ್ನ ಭಾವ ಆ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಲ್ಲಾ, ಅಷ್ಟು ದೊಡ್ಡ ದೇಶದಾಗ ಒಬ್ಬ ಲೆಕ್ಕದಾಂವ ಇಲ್ಲೇನು? ನಿನ್ನ ತಮ್ಮಗ ಶಹಾಬಾದೇ ಬೇಕಾತೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. "ಅಕ್ಕ, ನೀ ಲೆಕ್ಕದಾಕಿ, ಮೂರೂ ಫಂಡು ನೋಡಿ ಹೇಳು. ಆದ್ರ ನಂಗ ಕಡೀದೇ ಭಾಳ ಮನಸಿಗಿ ಬಂದದ" ಎಂದು ಬರೆದಿದ್ದೀಯ. ಮನಸ್ಸಿಗೆ ಬಂದಾಗಿದ್ದರೆ ನನ್ನನ್ನು ಏಕೆ ಕೇಳಿದೆ ಮಾರಾಯ? ಹೌದಪ್ಪ ಎಂದು ತಲೆಯಾಡಿಸಲಿ ಅಂತಲೇ?

ತಲೆಯಾಡಿಸುವುದಿಲ್ಲ. ನಾಲ್ಕು ದಿನ ಇಂಗ್ಲಿಷ್ ನಿಘಂಟು ಮುಂದಿಟ್ಟುಕೊಂಡು ಕಣ್ಣು ಉರಿಯುವವರೆಗೆ ಓದಿದ್ದೇನೆ, ಈಗ ನೀನು ಕೂತು ಕೇಳು. ಮೂರೂ ಫಂಡುಗಳು ಷೇರುಗಳ ಹಾಗೆ ಟೊರೊಂಟೊ ಪೇಟೆಯಲ್ಲಿ ಮಾರಾಟವಾಗುವಂಥವು ಎನ್ನುವುದು ತಿಳಿಯಿತು. ಒಂದನ್ನು ಕೊಂಡರೆ ಹತ್ತಾರು ಕಂಪನಿಗಳಲ್ಲಿ ಚೂರು ಚೂರು ಪಾಲು ಸಿಗುತ್ತದೆ. ಮೊದಲನೆಯದು ಕೆನಡಾದ ದೊಡ್ಡ ಕಂಪನಿಗಳದ್ದು. ಕೈಗೆ ಕೊಡುವುದು ಅಲ್ಪಸ್ವಲ್ಪ, ಆದರೆ ವರ್ಷಗಳು ಕಳೆದ ಹಾಗೆ ಬೆಳೆಯುವ ಜಾತಿ. ಖರ್ಚಿಗೆಂದು ಅವರು ಮುರಿದುಕೊಳ್ಳುವುದೂ ಕಡಿಮೆ. ಎರಡನೆಯದು ವರ್ಷವರ್ಷ ತಪ್ಪದೆ ಡಿವಿಡೆಂಡ್ ಕೊಡುವ ಕಂಪನಿಗಳದ್ದು. ಆ ಡಿವಿಡೆಂಡಿಗೆ ಅಲ್ಲಿ ತೆರಿಗೆಯ ರಿಯಾಯಿತಿಯೂ ಇದೆ ಎಂದು ನೀನೇ ಬರೆದಿದ್ದೀಯ. ಇನ್ನು ಮೂರನೆಯದು, ನಿನ್ನ ಮನಸ್ಸಿಗೆ ಬಂದ ಮಹಾರಾಯ. ನೂರಕ್ಕೆ ಹನ್ನೆರಡರ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಕೊಡುತ್ತದಂತೆ. ಮುಖಪುಟದಲ್ಲಿ ಬಿಳಿ ಕೂದಲಿನ ಗಂಡ ಹೆಂಡತಿ ದೋಣಿಯಲ್ಲಿ ಕೂತು ಹಲ್ಲು ಬಿಡುತ್ತಿದ್ದಾರೆ. ನೀನು ಆ ದೋಣಿ ನೋಡಿಯೇ ಮರುಳಾದೆ ಅಂತ ಕಾಣುತ್ತದೆ, ಒಳಗಿನ ಪುಟ ನೋಡಿಲ್ಲ. ಹಂಚುವ ಹಣದಲ್ಲಿ ಹಾಕಿದವರ ಅಸಲಿನ ಭಾಗವೂ ಸೇರಿರುತ್ತದೆ ಎಂದು ಅವರೇ ಬರೆದಿದ್ದಾರೆ. ಹತ್ತು ಡಾಲರಿಗೆ ಹುಟ್ಟಿದ ಫಂಡು ಮೂರು ವರ್ಷಕ್ಕೆ ಏಳು ಡಾಲರಿಗೆ ಇಳಿದಿದೆ. ನಿನ್ನದೇ ಹಣವನ್ನು ನಿನಗೇ ಕಂತಿನಲ್ಲಿ ಕೊಡುತ್ತಾರೆ, ನೀನು ಆದಾಯ ಬಂತೆಂದು ಕುಣಿಯುತ್ತೀಯ.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಪಾಪ ಎನ್ನುತ್ತಿದ್ದೆ. ಭಂಕೂರಿನಲ್ಲಿ ಹುಟ್ಟಿದವನು ಮಾಡಿದರೆ ಏನೆನ್ನಲಿ? ನಮ್ಮ ಊರಿನ ಎಷ್ಟು ಮನೆಗಳು ಇದೇ ತಪ್ಪು ಮಾಡಿಲ್ಲ ಹೇಳು? ನೀನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗಲೇ ಅಲ್ಲವೇ ಅಪ್ಪ ಕೆರೆದಂಡೆಯ ಹೊಲವನ್ನು ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆಯಲು ಗುತ್ತಿಗೆದಾರ ಖಂಡೆಪ್ಪನಿಗೆ ಕೊಟ್ಟದ್ದು? "ಬಿತ್ತಂಗಿಲ್ಲ, ಕಳೆ ತೆಗಿಯಂಗಿಲ್ಲ, ಮಳಿ ದಾರಿ ನೋಡಂಗಿಲ್ಲ. ತಿಂಗಳಾ ಮನಿ ಬಾಗಿಲಿಗಿ ರೊಕ್ಕ ಬರ್ತದ. ಹೊಲ ಎಲ್ಲಿಗಿ ಹೋಗ್ತದ? ಇಲ್ಲೇ ಇರ್ತದ" ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುತ್ತಿದ್ದ. ಮೊದಲು ಮೇಲಿನ ಕರಿ ಮಣ್ಣು ಹೋಯಿತು. ಆಮೇಲೆ ಪದರ ಪದರ ಕಲ್ಲು ಹೋಯಿತು. ಖಂಡೆಪ್ಪ ಮೋಸ ಮಾಡಲಿಲ್ಲ, ಒಪ್ಪಿದ ಹಣವನ್ನು ತಪ್ಪದೆ ತಂದುಕೊಟ್ಟ. ನೀನು ಕೆನಡಾಕ್ಕೆ ಹೋದ ವರ್ಷ ಕಲ್ಲು ಮುಗಿಯಿತು, ಅವನು ಕೈಮುಗಿದು ಹೋದ. ಅಪ್ಪ ತಗ್ಗಿನ ದಂಡೆಯಲ್ಲಿ ನಿಂತು, "ಚಂದಾ, ನಾ ಹೊಲಾ ತಿಂದ್ನೆಲ್ಲ ಬೇ" ಎಂದದ್ದನ್ನು ನಾನು ಕೇಳಿದವಳು. ಈಗ ಅಲ್ಲಿ ಎಮ್ಮೆಗಳು ಈಸುತ್ತವೆ.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಹೋದ ವಾರ ದಾನೇಶ್ವರಿ ನಿನಗೆ ಗೊತ್ತಿಲ್ಲದ ಹಾಗೆ ಫೋನ್ ಮಾಡಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಂಡರೆ ನೋಡು ಮತ್ತೆ, ನಿನ್ನ ಹೆಂಡತಿ ನಿನಗಿಂತ ನೂರು ಪಾಲು ತಿಳುವಳಿಕೆಯವಳು. "ಅಕ್ಕಾ, ಇವರ ಕೆಲಸ ಹೋಗಿ ಮೂರು ತಿಂಗಳಾತ್ರಿ. ಕಾರ್ಖಾನಿ ಮುಚ್ಚಿ ಒಂದು ಗಂಟು ರೊಕ್ಕ ಕೊಟ್ಟು ಕಳ್ಸ್ಯಾರ. ನಿಮಗಿ ಕಳ್ಸೋ ರೊಕ್ಕ ಒಂದು ತಿಂಗಳಾನೂ ತಪ್ಪಬಾರದಂತ ಆ ಫಂಡೇ ಹಾಕ್ತೀನಂತ ಹಟ ಹಿಡ್ದಾರ್ರಿ. ನೀವರ ಹೇಳ್ರಿ" ಎಂದು ಅತ್ತಳು.

ಶಾಂತೂ, ನಿನಗೆ ಏನಾದರೂ ಬುದ್ಧಿ ಇದೆಯೇ? ನಿನ್ನ ಭಾವನ ಕೆಲಸ ಹೋದಾಗ, ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಿದ್ದಾಗ ನೀನು ಕೈಹಿಡಿದೆ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಈಗ ನನಗೆ ಪಿಂಚಣಿ ಬರುತ್ತದೆ. ಇಬ್ಬರು ಮುದುಕರು ತಿನ್ನುವುದಾದರೂ ಎಷ್ಟು? ಬೇಡಪ್ಪ, ನಿಲ್ಲಿಸು ಎಂದು ಎಷ್ಟು ಸಲ ಹೇಳಿದೆ! "ಇರಲಿ ಬಿಡಕ್ಕ" ಎನ್ನುತ್ತೀಯ. ಮಗಳ ಕಾಲೇಜು ಮುಗಿದಿಲ್ಲ, ನಿನ್ನ ಮೊಣಕಾಲು ಮೊದಲೇ ಸರಿಯಿಲ್ಲ, ಇನ್ನೊಂದು ಭಟ್ಟಿಯ ಮುಂದೆ ಈ ವಯಸ್ಸಿನಲ್ಲಿ ಯಾರು ನಿಲ್ಲಿಸಿಕೊಳ್ಳುತ್ತಾರೋ ಗೊತ್ತಿಲ್ಲ. ಇರುವುದು ಅದೊಂದೇ ಗಂಟು. ಅದನ್ನು ನನ್ನ ಹೆಸರಿನಲ್ಲಿ ಅಗೆದು ಮುಗಿಸುತ್ತೀಯಾ? ನಿನ್ನ ಮುಪ್ಪನ್ನು ತಿಂದವಳು ಎನಿಸಿಕೊಂಡು ನಾನು ಹೇಗೆ ಇರಲಿ? ಇದನ್ನು ಬರೆಯುವಾಗ ಅಳು ಬರುತ್ತಿದೆ, ಅದಕ್ಕೂ ಸಿಟ್ಟು ಬರುತ್ತಿದೆ.

ಈಗ ಅಕ್ಕ ಹೇಳಿದ ಹಾಗೆ ಮಾಡು. ಒಂದೆರಡು ವರ್ಷದ ಮನೆಖರ್ಚನ್ನೂ ಮಗಳ ಫೀಸನ್ನೂ ಬ್ಯಾಂಕಿನಲ್ಲಿಡು, ಅದನ್ನು ಯಾವ ಫಂಡಿಗೂ ಹಾಕಬೇಡ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬೆಳೆಯುವ ಮೊದಲನೆಯದಕ್ಕೆ, ಕಡಿಮೆ ಪಾಲು ಡಿವಿಡೆಂಡಿನದಕ್ಕೆ. ಒಂದು ಮಾತು, ಈ ಎರಡರಲ್ಲೂ ಬ್ಯಾಂಕುಗಳೇ ತುಂಬಿವೆ, ಮೊದಲನೆಯದರಲ್ಲಿ ತೈಲದವರೂ ಸೇರಿದ್ದಾರೆ. ಹೊರದೇಶದ ಕಂಪನಿಗಳ ಫಂಡೂ ಒಂದಿರಲಿ, ಅದರ ತೆರಿಗೆ ಹೇಗೆಂದು ಅಲ್ಲಿಯ ತಿಳಿದವರನ್ನು ಕೇಳು, ನನ್ನನ್ನಲ್ಲ. ಪೇಟೆ ಬೀಳುತ್ತದೆ, ಏಳುತ್ತದೆ. ಬಿದ್ದಾಗ ಹೆದರಿ ಮಾರಿದರೆ ಮತ್ತೆ ಬೈಸಿಕೊಳ್ಳುತ್ತೀಯ. ದೋಣಿಯವರ ಅರ್ಜಿಗೆ ಈ ತಿಂಗಳ ಕೊನೆಯೊಳಗೆ ಸಹಿ ಹಾಕಬೇಕಂತಲ್ಲ, ಅದನ್ನು ದಾನೇಶ್ವರಿಯ ಎದುರೇ ಹರಿದು ಹಾಕು.

ನೀನು ಇದಕ್ಕೂ "ಇರಲಿ ಬಿಡಕ್ಕ" ಎನ್ನುವವನೇ ಎಂದು ನನಗೆ ಗೊತ್ತು. ಅದಕ್ಕೇ ಸೋಮವಾರ ಬ್ಯಾಂಕಿಗೆ ಹೋಗಿ, ನೀನು ಹಣ ಕಳಿಸುತ್ತಿದ್ದ ಖಾತೆಯನ್ನು ಮುಚ್ಚಿಸಿ ಬಂದೆ. ಕೌಂಟರಿನ ಲಾಲ್ ಅಹ್ಮದ್, ನನ್ನ ಹಳೆಯ ವಿದ್ಯಾರ್ಥಿ, "ಯಾಕ್ರಿ ಟೀಚರ್, ಪರದೇಶದ ರೊಕ್ಕ ಬರೋ ಖಾತಾ ಯಾರರ ಮುಚ್ಚಸ್ತಾರೇನ್ರಿ?" ಎಂದು ಎರಡೆರಡು ಸಲ ಕೇಳಿದ. ಕೊಟ್ಟ ಕೆಲಸ ಮಾಡಪ್ಪ ಎಂದೆ. ಪಿಂಚಣಿಯ ಖಾತೆಯ ನಂಬರು ನಿನಗೆ ಗೊತ್ತಿಲ್ಲ, ನಾನು ಕೊಡುವುದೂ ಇಲ್ಲ.

ಇಷ್ಟು ವರ್ಷ ನೀನು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ರೊಕ್ಕ ಮುಟ್ಟಿತೇನಕ್ಕ?" ಮುಟ್ಟಿತಪ್ಪ ಎಂದರೆ, "ಹಂಗಾರ ಇಡ್ಲೇನು?" ಕೆಲಸ ಹೋದ ತಿಂಗಳೂ ಅದನ್ನೇ ಕೇಳಿದೆ, ನಾನೂ ಅದನ್ನೇ ಹೇಳಿದೆ, ನೀನು ಫೋನ್ ಇಟ್ಟುಬಿಟ್ಟೆ. ಇನ್ನು ಮೇಲೆ ಮುಟ್ಟುವುದಕ್ಕೆ ಏನೂ ಇಲ್ಲ. ಫೋನ್ ಮಾಡಿದರೆ ಬೇರೆ ಏನಾದರೂ ಮಾತಾಡಲೇಬೇಕಾಗುತ್ತದೆ. ಭಾನುವಾರ ಮಾಡು. ಕೆಲಸ ಹೋದದ್ದನ್ನು ನಿನ್ನ ಬಾಯಿಂದ ಕೇಳಬೇಕು ನಾನು.

ಬಸವಣ್ಣ ನಿನ್ನನ್ನೂ ದಾನೇಶ್ವರಿಯನ್ನೂ ಮಗಳನ್ನೂ ತಣ್ಣಗಿಟ್ಟಿರಲಿ.

ಸಿಟ್ಟು ಇನ್ನೂ ಇಳಿಯದ ನಿನ್ನ ಅಕ್ಕ,
ಚಂದಮ್ಮ