ಎದುರು ಕಂಪನಿಗೆ ಕೊಟ್ಟ ಚಾರ್ಜರ್

ದೊಡ್ಡವ್ವ,

ನಿನ್ನ ಶಿವಲೀಲಾ ಮೈಸೂರಿನಲ್ಲಿ ಕ್ಷೇಮ, ಸಿಟ್ಟು ಮಾತ್ರ ಸ್ವಲ್ಪ ಜಾಸ್ತಿ. ಮುಂದೆ ಬರುವ ಮೊಬೈಲುಗಳಿಗೆಲ್ಲ ಒಂದೇ ತಂತ್ರಜ್ಞಾನ ಗೊತ್ತುಮಾಡಲು ಬನ್ನಿಮಂಟಪದ ಹೋಟೆಲಿನಲ್ಲಿ ಕಂಪನಿಗಳೆಲ್ಲ ಸೇರಿದ್ದೇವೆ. ಇಲ್ಲಿ ಮತ ಹಾಕುವುದಿಲ್ಲ. ಒಬ್ಬರು ಕೈ ಎತ್ತಿ ಬೇಡವೆಂದರೂ ಕೆಲಸ ನಿಂತಂತೆಯೇ. ನಿನ್ನೆ ನಮ್ಮ ಪ್ರಸ್ತಾವ ಬಂದಾಗಿನಿಂದ ಎದುರು ಕಂಪನಿಯ ನಿರಂಜನ್ ಎತ್ತಿದ ಕೈ ಇಳಿಸಲೇ ಇಲ್ಲ. ಊಟದ ಹೊತ್ತಿಗೆ ಬಂದು, "ಮೇಡಂ, ಚಾರ್ಜರ್ ಮನೇಲೇ ಬಿಟ್ಬುಟ್ಟೆ, ನಿಮ್ದು ಕೊಡಿ. ಈಗೆಲ್ಲ ಒಂದೇ ಥರ ಅಲ್ವೇನ್ರೀ!" ಎಂದ. ಕೇಳಿದವರಿಗೆ ಇಲ್ಲ ಅನ್ನಬಾರದೆಂದು ಕಲಿಸಿದವಳು ನೀನು, ಕೊಟ್ಟೆ. ಇವತ್ತು ನನ್ನ ಕಡೆ ನೋಡದೆ ಮತ್ತೆ ಕೈ ಎತ್ತಿದ.

ಇಲ್ಲಿನ ಸಾಂಬಾರು ಸಿಹಿ. ನಿನ್ನ ಶೇಂಗಾ ಚಟ್ನಿಯಿಂದ ಊಟ ಸೇರುತ್ತಿದೆ. ಬಿ.ಪಿ. ಮಾತ್ರೆ ತಪ್ಪಿಸಬೇಡ. ನನ್ನ ಫೋನ್ ಹತ್ತದಿದ್ದರೆ ಗಾಬರಿಯಾಗಬೇಡ. ಚಾರ್ಜರ್ ಇನ್ನೂ ಅವನ ಹತ್ತಿರವೇ ಇದೆ.